ನಾಲ್ಕು ಬೆರಳಿನ ದೂರ

ಆ ಪರದೆಯ ಅಂಚಿನಲ್ಲಿ ಮೂರು ಹೊಲಿಗೆ ಬಿಟ್ಟುಹೋಗಿದೆ, ಇಷ್ಟು ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿಲ್ಲ, ಅಲ್ಲ, ಅವಳು ಬಂದದ್ದು ಪರದೆ ನೋಡುವುದಕ್ಕಲ್ಲ, ಪರದೆಯ ಆಚೆ ಲೇಸರ್ ಇದೆ, ಒಳಗಿರುವವನು ಹೊರಗೆ ಬಂದರೆ ಇವಳದೇ ಸರದಿ — ಹೆದರಬೇಡಿ ಅಮ್ಮ, ನೋವಾಗಲ್ಲ, ರೆಪ್ಪೆ ಬಡಿದುಬಿಡ್ತೀನೇನೋ ಅನ್ನೋ ಚಿಂತೆ ಬೇಡ, ಕ್ಲಿಪ್ ಹಾಕಿರ್ತೀವಿ, ಹಸಿರು ದೀಪ ನೋಡ್ತಾ ಮಲಗಿದ್ರೆ ಸಾಕು, ಎಂದು ನರ್ಸ್ ಬೆಳಗಿನಿಂದ ನಾಲ್ಕು ಸಲ ಹೇಳಿದ್ದಾಳೆ, ಪಾಪ, ಅವಳ ಬಾಯಿಯೂ ನೋಯಬೇಕು, ಕಣ್ಣಿನ ಮೇಲ್ಪದರವನ್ನು ಪುಟದ ಹಾಗೆ ಎತ್ತಿ ಮತ್ತೆ ಮುಚ್ಚುತ್ತಾರಂತೆ, ಹೊಲಿಗೇನೇ ಹಾಕಲ್ಲ, ತಾನಾಗೇ ಕೂತ್ಕೊಳ್ಳುತ್ತೆ — ಇದನ್ನು ಹೇಳಬಾರದಿತ್ತು, ಇಪ್ಪತ್ತು ವರ್ಷ ಹರಿದ ಬಟ್ಟೆಗೆ ರಫೂ ಮಾಡಿದವಳಿಗೆ, ಎಳೆಗೆ ಎಳೆ ಸೇರಿಸಿ ಹರಿದದ್ದೇ ಸುಳ್ಳು ಅನ್ನಿಸುವವಳಿಗೆ, ಹೊಲಿಗೆಯಿಲ್ಲದೆ ಕೂತದ್ದು ಎದ್ದರೆ? ಹೊರಗೆ ಬೆಂಚಿನ ಮೇಲೆ ಅಕ್ಕ ಕಾಯುತ್ತಿದ್ದಾಳೆ, ಅವಳಿಗೆ ಇದೇ ಆಗಿ ಎರಡು ವರ್ಷ, ಬೆಳಗ್ಗೆ ಕಣ್ಣು ಬಿಟ್ರೆ ಫ್ಯಾನಿನ ರೆಕ್ಕೆ ಕಾಣುತ್ತೆ ಕಣೇ, ಸುಮ್ನೆ ಮಾಡಿಸ್ಕೋ, ಹೌದು, ಬೇಕು, ಇವಳಿಗೂ ಆ ರೆಕ್ಕೆ ಬೇಕು, ಹೋದ ತಿಂಗಳು ತನ್ನ ಕನ್ನಡಕವನ್ನು ತಾನೇ ತುಳಿದು, ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ತಿಳಿಯದೆ, ಮಧ್ಯಾಹ್ನದವರೆಗೆ ಮಂಚದ ಮೇಲೆ ಕೂತು ಅತ್ತದ್ದು ಅಕ್ಕನಿಗೂ ಗೊತ್ತಿಲ್ಲ.

ನರ್ಸ್ ಮತ್ತೆ ಬಂದಳು, ಫೈಲು ತಿರುವಿದಳು, ನಿಮ್ಗೆ ಹತ್ತಿರದ ನೋಟ ಫಸ್ಟ್ ಕ್ಲಾಸ್ ಇದೆ, ಈ ವಯಸ್ಸಲ್ಲಿ ಎಲ್ರಿಗೂ ಓದೋ ಕನ್ನಡಕ ಬೇಕಾಗುತ್ತೆ, ನಿಮ್ಗೆ ಅದೂ ಬೇಡ, ಅದೃಷ್ಟ — ಆ ಸಣ್ಣ ಅಕ್ಷರದ ಕಾರ್ಡು, ಮೊನ್ನೆ ಕೈಗೆ ಕೊಟ್ಟು ಇದೇ ನರ್ಸ್ ಕಂಪ್ಯೂಟರಿನ ಕಡೆ ತಿರುಗಿದ್ದಳು, ಕೊನೆಯ ಸಾಲನ್ನೂ ಗಡಗಡ ಓದಿದ್ದಾಯಿತು, ಓದುವಾಗ ಕನ್ನಡಕ ಎಲ್ಲಿತ್ತು, ಹಣೆಯ ಮೇಲೆ, ಸಣ್ಣದೇನು ಕಂಡರೂ ಕೈ ತಾನಾಗಿ ಅದನ್ನು ಮೇಲೆ ತಳ್ಳುತ್ತದೆ, ಸೂಜಿ ಹಿಡಿದರೆ ಅದೇ, ಮೂಗಿನಿಂದ ನಾಲ್ಕು ಬೆರಳು, ಬರಿಗಣ್ಣು. ಲೇಸರ್ ಅಂದ್ರೆ ಕನ್ನಡಕವನ್ನ ಕಣ್ಣೊಳಗೇ ಕೂರಿಸಿದ ಹಾಗೆ ಎಂದಿದ್ದರು ಡಾಕ್ಟರು, ಹಾಗಾದರೆ ಆಮೇಲೆ ಮೇಲೆ ತಳ್ಳುವುದು ಹೇಗೆ, ಕಾಲರಿನ ಹಿಂದೆ ಸದಾ ಚುಚ್ಚಿಟ್ಟಿರುವ ಸೂಜಿಯನ್ನು ಆಸ್ಪತ್ರೆಯ ನಿಲುವಂಗಿಯೊಳಗೆ ಕೈ ತೂರಿಸಿ ತೆಗೆದಳು, ನಿಲುವಂಗಿಯ ತುದಿಯಿಂದಲೇ ಒಂದು ಎಳೆ ಕಿತ್ತಳು, ಕನ್ನಡಕ ಹಾಕಿಕೊಂಡೇ ನಾಲ್ಕು ಬೆರಳಿನ ದೂರಕ್ಕೆ ತಂದಳು, ದಾರ ಎರಡು, ದಾರ ಮೂರು, ಸೂಜಿಯ ತೂತು ಇಲ್ಲವೇ ಇಲ್ಲ.

ಮುಂದಿನವರು ಬನ್ನಿ, ಎಂದು ಪರದೆ ಸರಿಸಿದರು ಡಾಕ್ಟರು, ಈಗ ಬಾಯಿ ಬಿಟ್ಟರೆ ನಗೆಪಾಟಲು, ಅಕ್ಕ ಬೈಯುತ್ತಾಳೆ, ಬಿಡದಿದ್ದರೆ ಕೆಲಸವೇ ಹೋಯಿತು, ಡಾಕ್ಟ್ರೇ, ಆ ಕಾರ್ಡು ನಾನು ಕನ್ನಡಕ ಎತ್ತಿ ಓದಿದ್ದು, ನನ್ನ ಅನ್ನ ಇರೋದು ಈ ದೂರದಲ್ಲಿ, ಎಂದು ಸೂಜಿಯನ್ನು ಮೂಗಿನ ಮುಂದೆ ಹಿಡಿದು ತೋರಿಸಿದಳು, ಅವರು ನಗಲಿಲ್ಲ, ಪಕ್ಕದ ಕುರ್ಚಿ ಎಳೆದು ಕೂತರು, ಒಳ್ಳೇದಾಯ್ತು ಹೇಳಿದ್ದು, ಇವತ್ತು ಬೇಡ, ಮತ್ತೆ ಪರೀಕ್ಷೆ ಮಾಡೋಣ, ಹೊಂದೋ ಹಾಗಿದ್ರೆ ಒಂದು ಕಣ್ಣನ್ನ ದೂರಕ್ಕೆ ಸರಿಮಾಡಿ ಇನ್ನೊಂದನ್ನ ಹೀಗೇ ಬಿಡಬಹುದು, ನೀವು ಸೂಜಿ ಪೋಣಿಸೋದು ಯಾವ ಕಣ್ಣಲ್ಲಿ? — ಯಾವ ಕಣ್ಣಲ್ಲಿ, ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ, ಕನ್ನಡಕ ಹಣೆಗೆ ಹೋಯಿತು, ಬಲಗಣ್ಣು ಮುಚ್ಚಿದಳು, ತೂತು ಪಕ್ಕಕ್ಕೆ ಜಾರಿತು, ಬಲಗಣ್ಣು ತೆರೆದು ಎಡಗಣ್ಣು ಮುಚ್ಚಿದಳು, ತೂತು ಕದಲಲಿಲ್ಲ, ದಾರದ ತುದಿ, ಸೂಜಿಯ ತೂತು, ನಾಲ್ಕು ಬೆರಳು, ದಾರದ ತುದಿ, ತೂತು