ಮೊದಲು ಬೆಟ್ಟ, ಆಮೇಲೆ ನೀರು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬೆಳಗಿನ ಬಿಸಿಲು ಶಾಲೆಯ ಗೋಡೆ ಹತ್ತುವ ಹೊತ್ತು. ಮೇಸ್ತ್ರಿಯ ಮಗಳು ಶಾಲೆಯಂಗಳದ ಒಣಗಿದ ತೊಟ್ಟಿಯೊಳಗೆ ಮಂಡಿಯೂರಿ, ಅಪ್ಪ ಗಾರೆಯಲ್ಲಿ ಕಟ್ಟಿದ ಪುಟ್ಟ ದ್ವೀಪವೊಂದರ ಬುಡಕ್ಕೆ ಉಳಿಯಿಟ್ಟು ಹೊಡೆಯುತ್ತಿದ್ದಳು. ಅಪ್ಪನ ದೇಹ ಎರಡು ಬೀದಿಯಾಚೆ, ಮನೆಯ ನಡುಕೋಣೆಯಲ್ಲಿತ್ತು.

ಸೋದರತ್ತೆ ಏದುಸಿರು ಬಿಡುತ್ತ ಬಂದು ತೊಟ್ಟಿಯ ಕಟ್ಟೆ ಹಿಡಿದು ನಿಂತಳು.

"ಏನೇ ಇದು? ಮನೆ ತುಂಬ ಜನ ಬಂದು ಕೂತಿದಾರೆ. ನೀನಿಲ್ಲಿ ಕಲ್ಲು ಕುಟ್ತಾ ಇದೀಯ?"

"ಬಿರುಕು ಇದರ ಅಡೀಲೇ ಹೋಗಿದೆ ಅತ್ತೆ. ಇದನ್ನ ತೆಗೀದೆ ಮುಚ್ಚೋಕಾಗಲ್ಲ."

"ನಾಳೆ ಮುಚ್ಚು. ತೊಟ್ಟಿಯೇನು ಓಡಿಹೋಗತ್ತಾ?"

"ತೊಟ್ಟಿ ಇಲ್ಲೇ ಇರತ್ತೆ. ಅಪ್ಪ ಇರ್ತಾರಾ?"

"ಮಾತಿಗೇನೂ ಕಮ್ಮಿಯಿಲ್ಲ, ಥೇಟ್ ಅವನೇ" ಎಂದು ಗೊಣಗಿ ಅತ್ತೆ ಮನೆಯ ದಾರಿ ಹಿಡಿದಳು.

ದೂರದೂರಿನಿಂದ ದೊಡ್ಡಪ್ಪ ಬರಬೇಕಿತ್ತು. ಆತ ಬಂದ ಮೇಲೆ, ಇಳಿಹೊತ್ತಿಗೆ ಹೊರಡುವುದು ಎಂದಾಗಿತ್ತು. ಸ್ಮಶಾನದ ದಾರಿ ಶಾಲೆಯ ಮುಂದೆಯೇ. ಮೇಸ್ತ್ರಿ ಹಾಸಿಗೆ ಹಿಡಿದ ಮೇಲೆ ತೊಟ್ಟಿ ಸೋರಿ ಒಣಗಿತ್ತು. ಸುದ್ದಿ ಕಿವಿಗೆ ಬಿದ್ದಾಗ ಅವರು ಮಗಳ ಕೈ ಹಿಡಿದು ಕೇಳಿದ್ದು ಒಂದೇ ಮಾತು. "ನೀರಿಲ್ಲದಿದ್ರೆ ಅದು ಬರೀ ಗುಡ್ಡ ಕಣಮ್ಮ. ನಾನು ಆ ದಾರೀಲಿ ಹೋಗೋ ದಿನ ದ್ವೀಪ ಆಗಿರ್ಬೇಕು."

"ಆಗಿರತ್ತೆ ಬಿಡಪ್ಪ" ಅಂದಿದ್ದಳು. ಇಷ್ಟು ಬೇಗ ಆ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು?

*

ಆ ಶಾಲೆಗೆ ಗಾರೆ ಮಾಡಿದವರೂ ಮೇಸ್ತ್ರಿಯೇ. ಕೆಲಸ ಮುಗಿಯುತ್ತ ಬಂದಾಗ ಭೂಗೋಳದ ಟೀಚರಮ್ಮ ಒಂದು ನಕ್ಷೆ ತಂದು, ಇದನ್ನು ಗೋಡೆಯ ಮೇಲೆ ಉಬ್ಬಾಗಿ ಮಾಡಿಕೊಡಿ ಎಂದು ಕೇಳಿದರು.

"ನೀರಲ್ಲಿ ಚೆಲ್ಲಿರೋ ಈ ಚುಕ್ಕೆಗಳೇನು ಟೀಚರಮ್ಮ?"

"ನಮ್ಮ ದೇಶದ ದ್ವೀಪಗಳು."

"ತೇಲ್ತಾವಾ?"

ಟೀಚರಮ್ಮ ನಗಲಿಲ್ಲ. ಮರಳಿನ ಗುಡ್ಡೆಯ ಮೇಲೇ ಕೂತು ಹೇಳಿದರು. "ಯಾವ ದ್ವೀಪವೂ ತೇಲಲ್ಲ ಮೇಸ್ತ್ರಿಗಳೇ. ಪೂರ್ವದ ಗುಂಪಿದೆಯಲ್ಲ, ಅದು ಮುಳುಗಿರೋ ಬೆಟ್ಟದ ಸಾಲು. ತುದಿಗಳು ಮಾತ್ರ ಮೇಲಿವೆ. ಪಶ್ಚಿಮದವು ಬೇರೆ ಜಾತಿ. ಅಲ್ಲಿ ಹಿಂದೆ ಬೆಂಕಿ ಉಗುಳೋ ಬೆಟ್ಟಗಳಿದ್ವು. ತಣ್ಣಗಾಗಿ ಮೆಲ್ಲಗೆ ಕುಸೀತಾ ಹೋದ್ವು. ಅವುಗಳ ಅಂಚಿಗೆ ಹವಳದ ಹುಳುಗಳು ಗೂಡು ಕಟ್ಟಿದ್ವು. ಬೆಟ್ಟ ಒಂದು ಗೇಣು ಇಳಿದ್ರೆ ಇವು ಒಂದು ಗೇಣು ಏರಿಸ್ತವೆ. ಕೊನೆಗೆ ಬೆಟ್ಟ ಕಾಣಲ್ಲ, ಬಳೆ ಇಟ್ಟ ಹಾಗೆ ಒಂದು ಉಂಗುರ ಉಳಿಯತ್ತೆ."

ಮೇಸ್ತ್ರಿ ನಕ್ಷೆಯ ಚುಕ್ಕೆಗಳ ಮೇಲೆ ಬೆರಳಾಡಿಸಿದರು. "ಅಂದ್ರೆ ಆ ಹುಳುಗಳೂ ನಮ್ಮ ಪೈಕಿನೇ. ಗಾರೆಯವು."

ಗೋಡೆಯ ಮೇಲೆ ಮಾಡಿದರೆ ಬುಡ ಎಲ್ಲಿ ಕಾಣುತ್ತದೆ ಎಂದು ಅವರು ಹಟ ಹಿಡಿದರು. ಉಳಿದ ಇಟ್ಟಿಗೆಯಲ್ಲಿ ಅಂಗಳದ ಮೂಲೆಗೆ ಅಗಲವಾದ ತೊಟ್ಟಿ ಎದ್ದಿತು. ಮೊದಲು ಬೆಟ್ಟ, ಆಮೇಲೆ ನೀರು ಎಂಬುದು ಅವರ ಲೆಕ್ಕ. ಒಂದು ಕಡೆ ಉದ್ದನೆಯ ಬೆಟ್ಟದ ಸಾಲು, ಇನ್ನೊಂದು ಕಡೆ ತಲೆಯ ಮೇಲೆ ಉಂಗುರವಿಟ್ಟ ಮೊಂಡು ಗುಡ್ಡಗಳು.

ನೀರು ಬಿಟ್ಟ ದಿನ ಪೂರ್ವದ ದ್ವೀಪಗಳು ಚೆನ್ನಾಗಿಯೇ ನಿಂತವು. ಪಶ್ಚಿಮದವು ಒಂದೂ ಉಳಿಯದೆ ಮುಳುಗಿಹೋದವು. ಮಳೆನೀರು ಹರಿಯಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟವರು ಮೇಸ್ತ್ರಿಯೇ, ಅದೇ ಅಂಗಳವನ್ನು ನಂಬಿ ಎತ್ತರ ಅಳೆದವರೂ ಅವರೇ.

"ಮೇಸ್ತ್ರಿಯ ದೇಶ ಅರ್ಧ ಮುಳುಗ್ತು" ಎಂದು ಜೊತೆಯ ಕೆಲಸದವರು ಆಡಿಕೊಂಡರು.

"ಮುಳುಗಿದ ಮೇಲೆ ಹುಳು ಏನು ಮಾಡ್ತೋ ನಾನೂ ಅದನ್ನೇ ಮಾಡ್ತೀನಿ" ಎಂದರು ಮೇಸ್ತ್ರಿ. ದಿನಾ ಸಂಜೆ ಬೇರೆ ಕೆಲಸ ಮುಗಿಸಿ ಬಂದು, ನೀರು ತುಸು ಇಳಿಸಿ, ಉಂಗುರಗಳಿಗೆ ಒಂದೊಂದು ತೆಳು ಪದರ ಬಳಿದರು. ಗಾರೆಯ ಬಾಂಡ್ಲಿ ಹೊತ್ತು ನಿಲ್ಲುತ್ತಿದ್ದ ಮಗಳ ಕೈಗೆ ಬಳಿಯುವ ಕರಣೆ ಬಂದದ್ದು ಆ ಸಂಜೆಗಳಲ್ಲೇ. ಅವಳಿಗೆ ಕಲಿಸಿದ ಮೊದಲ ಪಾಠ, ಕರಣೆ ತೊಳೆಯದೆ ಕೆಲಸದ ಜಾಗ ಬಿಡಬಾರದು. ಒಂದು ದಿನ ಉಂಗುರಗಳೆಲ್ಲ ನೀರಿನಿಂದ ಒಂದು ಬೆರಳು ಮೇಲೆ ಬಂದು ನಿಂತವು. ಅಂದಿನಿಂದ ಊರು ಅವರನ್ನು ದ್ವೀಪದ ಮೇಸ್ತ್ರಿ ಎಂದೇ ಕರೆಯಿತು.

*

ಮಧ್ಯಾಹ್ನಕ್ಕೆ ಬಿರುಕು ಮುಚ್ಚಿ, ಮೇಲಿನ ಸಿಮೆಂಟು ಬಿಗಿದಿತ್ತು. ಕಿತ್ತ ಗುಡ್ಡವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದ್ದಳು, ಆದರೆ ಒಡೆದುಹೋದ ಉಂಗುರವಿಲ್ಲದೆ ಅದು ಬೋಳಾಗಿತ್ತು. ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಹೀಗೇ ಬಂದರೆ ತೊಟ್ಟಿ ತುಂಬಲು ನಾಳೆಯಾದೀತು. ಮಗಳು ಕಟ್ಟೆಯ ಮೇಲೆ ಕೂತು ಕೈ ಒರೆಸಿಕೊಂಡಳು.

ಬೀದಿಯಲ್ಲಿ ಪಾತ್ರೆಗಳ ಸದ್ದು ಕೇಳಿತು. ಮುಂದೆ ಸೋದರತ್ತೆ, ಹಿಂದೆ ಸಾವಿನ ಮನೆಗೆ ಬಂದಿದ್ದ ಜನ, ಅವರ ಕೈಯಲ್ಲಿ ಬಿಂದಿಗೆ, ಬಕೆಟ್ಟು.

"ನಿಮ್ಮಮ್ಮನ ಹತ್ರ ನಿನ್ನ ಮೇಲೆ ದೂರು ಹೇಳಿದೆ ಕಣೇ. ಅವಳು ನನಗೇ ಬುದ್ಧಿ ಹೇಳಿದ್ಲು. ತೊಟ್ಟಿ ತುಂಬದೆ ಅವರನ್ನ ಹೊರಡಿಸಲ್ಲ ಅಂದ್ಲು. ಗಂಡನಿಗೆ ತಕ್ಕ ಹೆಂಡ್ತಿ." ಅತ್ತೆ ಸೆರಗು ಸಿಕ್ಕಿಸಿಕೊಂಡಳು. "ಇವರೆಲ್ಲ ಕಣ್ಣೀರು ತಂದಿದ್ರು. ಅದರಲ್ಲಿ ಎಷ್ಟು ತುಂಬೀತು? ಅದಕ್ಕೇ ಬಿಂದಿಗೆ ತನ್ನಿ ಅಂದೆ."

ಎದುರು ಮನೆಯ ಬಾವಿಯಿಂದ ತೊಟ್ಟಿಯವರೆಗೆ ಜನ ಸಾಲು ನಿಂತರು. ನೀರು ಏರತೊಡಗಿತು. ಮೊದಲು ಬೆಟ್ಟದ ಸಾಲಿನ ಕಾಲು ಮುಳುಗಿತು, ಆಮೇಲೆ ಸೊಂಟ. ಒಂದೇ ಬೆಟ್ಟವಾಗಿದ್ದದ್ದು ಬಿಡಿಬಿಡಿಯಾಗಿ ದ್ವೀಪಗಳಾಯಿತು.

"ಆ ಉಂಗುರಕ್ಕೇನು ಮಾಡ್ತೀಯೇ?" ಅತ್ತೆ ಕೇಳಿದಳು. "ಮಟ್ಟ ಹಿಡಿಯೋಕೆ ಹೊತ್ತೆಲ್ಲಿದೆ?"

"ನೀರೇ ಮಟ್ಟ ಅತ್ತೆ."

ಮಗಳು ತೊಟ್ಟಿಗಿಳಿದಳು. ನೀರು ಅವಳ ಮೀನಖಂಡ ದಾಟಿ ಮೊಣಕಾಲಿಗೆ ಬಂತು. ಬೇಗ ಬಿಗಿಯುವ ಸಿಮೆಂಟನ್ನು ಚಿಟಿಕೆ ಚಿಟಿಕೆ ಕಲಸಿ, ನೀರು ಒಂದು ಬೆರಳು ಏರುವ ಮೊದಲೇ ಬೋಳು ಗುಡ್ಡದ ತಲೆಯ ಮೇಲೆ ಒಂದು ಪದರ ಬಳಿದಳು, ಅದು ಬಿಗಿಯುತ್ತಲೇ ಮತ್ತೊಂದು. ಅವಳು ಅವಸರಪಡಲಿಲ್ಲ, ನಿಲ್ಲಿಸಲೂ ಇಲ್ಲ.

ಮೇಸ್ತ್ರಿಯನ್ನು ಹೊತ್ತವರು ಶಾಲೆಯ ಗೇಟಿನೊಳಗೆ ಬಂದು, ಚಟ್ಟವನ್ನು ಕಟ್ಟೆಯ ಪಕ್ಕದಲ್ಲಿಳಿಸಿದರು. ಅಮ್ಮ ತಲೆಯ ಬಳಿ ನಿಂತಳು. ಕೋಲೂರಿಕೊಂಡು ಬಂದ ಹಳೆಯ ಟೀಚರಮ್ಮ ನೀರನ್ನೇ ನೋಡುತ್ತಿದ್ದರು.

"ಬೇರೆ ಊರಿನ ಮಕ್ಕಳು ದ್ವೀಪ ಅಂದ್ರೆ ನೀರಿನ ಮೇಲೆ ಒಂದು ಸೊನ್ನೆ ಬರೀತಾರೆ" ಎಂದರು ದೂರದೂರಿನಿಂದ ಬಂದಿಳಿದಿದ್ದ ದೊಡ್ಡಪ್ಪನ ಕಡೆ ತಿರುಗಿ. "ನಮ್ಮ ಮಕ್ಕಳು ಬುಡ ಸಮೇತ ಬರೀತಾರೆ. ನಿಮ್ಮ ತಮ್ಮ ಕಲಿಸಿದ್ದು."

ತೊಟ್ಟಿಯ ಮೇಲಂಚಿನ ತೂತಿನಿಂದ ನೀರು ತೊಟ್ಟಿಕ್ಕಿತು. ತುಂಬಿತ್ತು. ಹೊಸ ಉಂಗುರ ನೀರಿನಿಂದ ಒಂದು ಬೆರಳು ಮೇಲೆ ನಿಂತಿತ್ತು. ಉಳಿದವೆಲ್ಲ ಪಾಚಿಗಟ್ಟಿ ಕಪ್ಪಾಗಿದ್ದವು, ಇದೊಂದು ಹಸಿ ಬೂದು.

"ನೋಡ್ಕೋ ಅಣ್ಣ" ಎಂದಳು ಅತ್ತೆ, ಚಟ್ಟದ ಮೇಲೆ ಬಗ್ಗಿ. "ಅದು ನಿನ್ನದಲ್ಲ, ಅವಳದು."

ಜನ ಮತ್ತೆ ಹೆಗಲು ಕೊಡಲು ಬಗ್ಗಿದರು. ಮಗಳು ನೀರಿನಿಂದ ಮೇಲೆ ಬಂದು ಅವರ ಹಿಂದೆ ಹೆಜ್ಜೆ ಇಟ್ಟಳು.

"ಕರಣೆ ತೊಳೀಲಿಲ್ವಲ್ಲೇ" ಎಂದಳು ಅತ್ತೆ. "ಹಾಗೇ ಬಂದ್ರೆ ಎದ್ದು ಕೂತು ಬೈತಾನೆ."

ಜನ ನಿಂತು ಕಾದರು. ಮಗಳು ಕಟ್ಟೆಗೆ ಮರಳಿ ಕರಣೆಯನ್ನು ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಉಜ್ಜಿ ತೊಳೆದಳು. ಎದ್ದ ಅಲೆ ಬೆಟ್ಟದ ಸಾಲನ್ನು ಸವರಿ, ಹೊಸ ಉಂಗುರದವರೆಗೆ ಹೋಗಿ, ಅದರ ಅಂಚಿಗೆ ತಾಕಿ ಹಿಂದಿರುಗಿತು. ಉಂಗುರದೊಳಗಿನ ನೀರು ಅಲುಗಲಿಲ್ಲ.

ಅಂದು ಗುರುವಾರ. ಇಳಿಬಿಸಿಲಿನಲ್ಲಿ, ತುಂಬಿದ ತೊಟ್ಟಿಯ ಪಕ್ಕದಿಂದ ಮೇಸ್ತ್ರಿ ಹೊರಟರು.