ಬಲೆ ಅರಳುವ ಹೊತ್ತು

ಬಂದರಿನಲ್ಲಿ ಎಲ್ಲರೂ ಅವಳನ್ನು ಬಲೆಯಕ್ಕ ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷ ಬಲೆ ಹೆಣೆದ ಕೈ. ಅಂಥವಳು ತಾನು ಹೆಣೆದ ಒಂದೇ ಒಂದು ಬಲೆಯಾದರೂ ನೀರಿನಲ್ಲಿ ಬಾಯಿ ತೆರೆದದ್ದನ್ನು ನೋಡಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ! ನೆಲದ ಮೇಲೆ ಬಲೆಯೆಂದರೆ ಒಂದು ಗುಡ್ಡೆ, ಅಷ್ಟೆ. ಕೇಳಿದಾಗಲೆಲ್ಲ ಬೋಟಿನವರದ್ದು ಒಂದೇ ಮಾತು, ಜಾಗ ಇಲ್ಲ.

ಅವಳ ಗಂಡನೇ ಬೋಟಿನ ಡ್ರೈವರ್ ಆಗಿದ್ದ. "ನೀರಿಗಿಳಿದ ಮೇಲೆ ನಿನ್ನ ಬಲೆ ಅರಳುತ್ತೆ ಕಣೇ. ಬೋಟಲ್ಲಿ ನಿಂತವನಿಗೆ ಆ ಎಳೆತ ಕಾಲಲ್ಲೇ ಗೊತ್ತಾಗುತ್ತೆ. ಮುಂದಿನ ಸೀಸನ್‌ಗೆ ಕರ್ಕೊಂಡು ಹೋಗ್ತೀನಿ, ಬಿಡು" ಎನ್ನುತ್ತಿದ್ದ. ಆ ಮುಂದಿನ ಸೀಸನ್ ಇಪ್ಪತ್ತೆಂಟು ಸಲ ಬಂದು ಹೋಯಿತು. ಮೂರು ವರ್ಷದ ಹಿಂದೆ ನಾಲ್ಕು ದಿನ ಜ್ವರ ಬಂದು ಆ ಮಹಾರಾಯನೇ ಹೋಗಿಬಿಟ್ಟ. ಅವನ ಮೇಲಿನ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ. ಆಸೆಯೂ ಇಳಿದಿರಲಿಲ್ಲ.

ಹೀಗಿರುವಾಗ ಸಂಶೋಧನಾ ಕೇಂದ್ರದಿಂದ ಒಬ್ಬಳು ಇಂಜಿನಿಯರ್ ಹುಡುಗಿ ಬಂದಳು. ಬಲೆಯ ಬಾಲದ ಹತ್ತಿರ ಒಂದು ಕಿಟಕಿ ಇಡಬೇಕು, ದೊಡ್ಡ ಮೀನು ಒಳಗೇ ಉಳಿಯಬೇಕು, ಮರಿಗಳು ಮಾತ್ರ ಹೊರಗೆ ಹೋಗಬೇಕು, ಇದು ಅವಳ ನಾಲ್ಕು ವರ್ಷದ ಕೆಲಸ. "ಮರಿಗಳನ್ನ ಈಗಲೇ ಕೊಂದ್ರೆ ನಾಳೆ ಹಿಡಿಯೋಕೆ ಏನಿರುತ್ತಕ್ಕಾ?" ಎಂದಾಗ ಬಲೆಯಕ್ಕನಿಗೆ ಅವಳು ಅಲ್ಲೇ ಇಷ್ಟವಾದಳು.

ಮಳೆಗಾಲದ ಮೀನುಗಾರಿಕೆ ರಜೆಗೆ ಮುಂಚೆ ಈ ಬಲೆಯ ಪರೀಕ್ಷೆಗೆ ಎರಡೇ ಸಲ ಬೋಟು ಹೋಗಲು ಅನುಮತಿ ಸಿಕ್ಕಿತ್ತು. ಹೊರಗಿನವರಿಗೆ ಬೋಟಿನಲ್ಲಿದ್ದದ್ದು ಒಂದೇ ಜಾಗ. "ಮೊದಲನೇ ಸಲ ನಾನು, ಅಳತೆ ತಗೋಬೇಕು. ಎರಡನೇ ಸಲ ನೀವೇ ಹೋಗಿ" ಎಂದಳು ಹುಡುಗಿ. ಆ ವಾರವಿಡೀ ಬಲೆಯಕ್ಕ ತನ್ನಷ್ಟಕ್ಕೆ ತಾನೇ ನಗುತ್ತಿದ್ದುದನ್ನು ಬಲೆ ಹೆಣೆಯುವ ಷೆಡ್ಡಿನವರೆಲ್ಲ ನೋಡಿದರು.

ಬಲೆಗೆ ಸೇರಿಸಿ ಹೆಣೆಯಲೆಂದು ಕಿಟಕಿಯ ತುಂಡನ್ನು ಹುಡುಗಿಯೇ ಕತ್ತರಿಸಿ ಬಲೆಯಕ್ಕನಿಗೆ ಕೊಟ್ಟಿದ್ದಳು. ಬಲೆಯಕ್ಕ ಅದನ್ನು ಬಿಡಿಸಿ ನೋಡಿದರೆ, ಅಯ್ಯೋ ಶಿವನೇ! ಬಲೆಯ ಕಣ್ಣು ಎಲ್ಲಾದರೂ ಹೀಗಿರುತ್ತದೆಯೇ? ಗಾಳಿಪಟದಂತೆ ಮೂಲೆಯ ಮೇಲೆ ನಿಲ್ಲಬೇಕಾದ ಕಣ್ಣುಗಳು ಗೋಡೆಯ ಇಟ್ಟಿಗೆಯಂತೆ ನೆಟ್ಟಗೆ ಕೂತಿದ್ದವು. ಪಾಪ, ಓದಿದ ಹುಡುಗಿ, ಕತ್ತರಿ ಹಿಡಿಯಲು ಬರುವುದಿಲ್ಲ. ಹೇಳಿದರೆ ನಾಲ್ಕು ಜನರ ಮುಂದೆ ಅವಳಿಗೆ ಅವಮಾನ. ಬಲೆಯಕ್ಕ ಆ ತುಂಡನ್ನು ಮೂಲೆಗೆಸೆದು, ಅಷ್ಟೇ ದೊಡ್ಡ ಹೊಸ ತುಂಡನ್ನು ತನಗೆ ಗೊತ್ತಿದ್ದ 'ಸರಿಯಾದ' ರೀತಿಯಲ್ಲಿ ಕತ್ತರಿಸಿ ಹೆಣೆದಳು. ಗುಡ್ಡೆ ಬಿದ್ದ ಬಲೆಯಲ್ಲಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಲ್ಲ.

ಮೊದಲ ಬೋಟು ಹೋಗಿ ಬಂದ ಸಂಜೆ ಹುಡುಗಿ ತನ್ನ ಕೋಣೆಯಲ್ಲಿ ನೀರೊಳಗಿನ ಕ್ಯಾಮೆರಾದ ವಿಡಿಯೋ ಹಾಕಿದಳು. ಬಲೆಯಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಫೋಟೋದಲ್ಲಿ ಊಟ ನೋಡಿದ ಹಾಗೆ ಎಂದುಕೊಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಕ್ಯಾಮೆರಾ ಇಟ್ಟಿದ್ದದ್ದು ಕಿಟಕಿಯ ಎದುರಿಗೆ ಮಾತ್ರ. ಬೋಟು ಎಳೆದ ಬಿಗಿಗೆ ಕಿಟಕಿಯ ಕಣ್ಣುಗಳೆಲ್ಲ ಉದ್ದುದ್ದ ಎಳೆದುಕೊಂಡು ಮುಚ್ಚಿಹೋಗಿದ್ದವು. ಬೆರಳುದ್ದದ ಮರಿಗಳು ಬಂದು ಬಂದು ಅದಕ್ಕೆ ಮೂತಿ ಒತ್ತುತ್ತಿದ್ದವು. ಆಗ ತಿಳಿಯಿತು ಅವಳಿಗೆ, ಇಟ್ಟಿಗೆಯಂತೆ ಕೂತ ಕಣ್ಣು ಯಾಕೆ ಬೇಕಿತ್ತೆಂದು. ಅದನ್ನು ಎಷ್ಟು ಎಳೆದರೂ ಮುಚ್ಚುವುದಿಲ್ಲ.

"ನನ್ನ ಲೆಕ್ಕವೇ ತಪ್ಪು" ಎಂದಳು ಹುಡುಗಿ. ಅವಳ ಮುಖ ಬಿಳಿಚಿಕೊಂಡಿತ್ತು. "ಕಿಟಕಿ ಕೈಬಿಟ್ಟೆ ಅಂತ ನಾಳೆ ಬರೆದು ಕಳಿಸ್ತೀನಿ. ನೀವು ಬೇಜಾರು ಮಾಡ್ಕೋಬೇಡಿ ಅಕ್ಕಾ. ಎರಡನೇ ಸಲ ಸುಮ್ಮನೆ ಹೋಗಿ ಬನ್ನಿ, ನಿಮ್ಮ ಜಾಗ ಹಾಗೇ ಇದೆ."

ಆ ರಾತ್ರಿ ಬಲೆಯಕ್ಕನಿಗೆ ನಿದ್ದೆ ಹತ್ತಲಿಲ್ಲ. ಬಾಯಿ ಬಿಟ್ಟರೆ ಕಿಟಕಿ ಮತ್ತೆ ಹೆಣೆಯಬೇಕು, ಮತ್ತೆ ಅಳತೆಗೆ ಹುಡುಗಿಯೇ ಹೋಗಬೇಕು. ಸುಮ್ಮನಿದ್ದರೆ ಜಾಗ ತನ್ನದು. ಅವಳಿಗೆ ಅರವತ್ತೆರಡು, ಮಂಡಿ ನೋವು ಬೇರೆ. ಮುಂದಿನ ಸೀಸನ್ ಎಂಬ ಮಾತನ್ನು ನಂಬುವ ಕಾಲ ಕಳೆದಿತ್ತು. ಹೋಗಬೇಕು, ಒಂದೇ ಸಲ ಹೋಗಬೇಕು ಎಂದು ಜೀವ ಹಟ ಹಿಡಿದ ಮಗುವಿನಂತೆ ಅಳುತ್ತಿತ್ತು.

ಬೆಳಿಗ್ಗೆ ಆ ಹಳೆಯ ತುಂಡನ್ನು ಮೂಲೆಯಿಂದ ಹುಡುಕಿ ತೆಗೆದು ಹುಡುಗಿಯ ಮೇಜಿನ ಮೇಲಿಟ್ಟಳು. "ನೀನು ಕೊಟ್ಟಿದ್ದು ಇದು. ನಾನು ಹಾಕಿದ್ದು ಬೇರೆ. ನಿನಗೆ ಕತ್ತರಿಸೋಕೆ ಬರಲ್ಲ ಅಂದ್ಕೊಂಡೆ."

ಹುಡುಗಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ನಾಲ್ಕು ವರ್ಷ ಅಕ್ಕಾ! ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು. ಅತಿ ಬುದ್ಧಿವಂತಿಕೆ ನನ್ನದು. ಬೈಯಿ, ಬೈದು ಮುಗಿಸು. ಆಮೇಲೆ ಸೂಜಿ ಕೊಡು."

ಹುಡುಗಿ ಬೈಯಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ನೆನಪಾಗಿ ಕೇಳಿದಳು, "ಹಾಗಾದ್ರೆ ನಿಮ್ಮ ಜಾಗ?"

"ಬೋಟಲ್ಲಿ ಜಾಗ ಎಷ್ಟು?"

"ಒಂದೇ."

"ಮತ್ತೆ ಕೇಳ್ತೀಯಲ್ಲ" ಎಂದು ಬಲೆಯಕ್ಕ ನೆಲದ ಮೇಲೆ ಕೂತು ಬಲೆಯನ್ನು ಎಳೆದುಕೊಂಡಳು.

ಎರಡು ದಿನ ಬಿಟ್ಟು ಬೋಟು ಹೊರಟಿತು. ಮಧ್ಯಾಹ್ನ ಅವಳು ಷೆಡ್ಡಿನಲ್ಲಿದ್ದಾಗ ಫೋನ್ ಬಂತು. "ಅಕ್ಕಾ! ಈ ಸಲ ಕ್ಯಾಮೆರಾದ ಚಿತ್ರ ಬೋಟಲ್ಲೇ ಕಾಣ್ತಿದೆ. ಕಿಟಕಿ ತೆರ್ಕೊಂಡಿದೆ! ಎಳೆದ್ರೂ ಮುಚ್ತಿಲ್ಲ! ಮರಿಗಳು ಹೊರಗೆ ಬರ್ತಿವೆ, ಒಂದಲ್ಲ ಎರಡಲ್ಲ, ಗುಂಪು ಗುಂಪು!" ಅವಳ ಹಿಂದೆ ಬೋಟಿನವರೆಲ್ಲ ಕೂಗುತ್ತಿದ್ದರು.

"ಬಲೆ ಹೇಗಿದೆ? ಅದನ್ನ ಹೇಳು."

"ಹೇಳೋಕೆ ಬರಲ್ಲ ಅಕ್ಕಾ. ನೀವು ಇಲ್ಲಿರಬೇಕಿತ್ತು."

"ಇರಬೇಕಿತ್ತು ಕಣೇ" ಎಂದಳು ಬಲೆಯಕ್ಕ. ಪರವಾಗಿಲ್ಲ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ, ಯಾಕೆಂದರೆ ಅದು ಸುಳ್ಳಾಗುತ್ತಿತ್ತು. "ಈಗ ಮಾತಾಡಬೇಡ. ಫೋನೂ ಇಡಬೇಡ. ಚೆನ್ನಾಗಿ ನೋಡು, ನನ್ನ ಪಾಲಿಂದೂ ನೀನೇ ನೋಡು."

ಹುಡುಗಿ ಮಾತಾಡಲಿಲ್ಲ. ಬೋಟು ದೂರ ಹೋಗಿ ಸಿಗ್ನಲ್ ತಪ್ಪುವವರೆಗೂ ಬಲೆಯಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಕೂತಿದ್ದಳು.