ಕೇಳಿದವರೇ ಟೀ ಕುಡಿಸಬೇಕು

"ಅಮ್ಮಾ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ಚಿನ್ನಕ್ಕೆ ಯಾಕೆ ಹಿಡಿಯಲ್ಲ?"

"ಚಿನ್ನ ಇಟ್ಟುಕೊಂಡವರನ್ನ ಕೇಳು. ನನ್ನ ತಲೆ ತಿನ್ನಬೇಡ, ಬಾಯಿಪಾಠ ಮಾಡು."

ಅಮ್ಮನಿಗೆ ಸಿಟ್ಟಿಗಿಂತ ಸುಸ್ತೇ ಹೆಚ್ಚು. ದಿನವಿಡೀ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಕೈ ಸೋತಿತ್ತು. ಗಂಡ ಸತ್ತ ಮೇಲೆ, ಅವನಿದ್ದ ಲಾಂಡ್ರಿಯಲ್ಲೇ ಅವಳಿಗೆ ಕೆಲಸ ಕೊಟ್ಟಿದ್ದರು.

ಪಕ್ಕದ ಮನೆಯ ಟೀಚರಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ನಿನ್ನ ಮಗಳು ಮನೇಲಿ ಇಷ್ಟು ಮಾತಾಡ್ತಾಳಾ? ನನ್ನ ಕ್ಲಾಸಲ್ಲಿ ತುಟಿ ಬಿಚ್ಚಲ್ಲ ಕಣೇ. ಬರೀ ತಲೆ ಆಡಿಸ್ತಾಳೆ. ಪರೀಕ್ಷೆ ಇಟ್ಟರೆ ಒಂದೂ ಅರ್ಥ ಆಗಿರಲ್ಲ."

"ಅಮ್ಮನೇ ಹೇಳಿದ್ದು," ಅಂದಳು ಮಗಳು. "ತಲೆ ಆಡಿಸಿದ್ರೆ ಯಾರೂ ಬೈಯಲ್ಲ ಅಂತ."

"ಹೌದು, ಹೇಳಿದ್ದೆ. ಪ್ರಶ್ನೆ ಕೇಳಿದ್ರೆ ಹೊಟ್ಟೆ ತುಂಬುತ್ತಾ ಟೀಚರಕ್ಕಾ?"

ಟೀಚರಕ್ಕ ತಡೆದು ಕೇಳಿದಳು. "ಬೇಜಾರು ಮಾಡ್ಕೋಬೇಡ. ನಿನ್ನ ಯಜಮಾನ್ರು ಅವತ್ತು ಯಾಕೆ ಕೇಳಲಿಲ್ಲ?"

ಲಾಂಡ್ರಿಯಲ್ಲಿ ಒಂದು ಪದ್ಧತಿ. ಸೂಪರ್‌ವೈಸರ್ ಹೇಳಿದ್ದಕ್ಕೆಲ್ಲ "ಹ್ಞೂಂ" ಅನ್ನಬೇಕು. "ಅರ್ಥ ಆಗಲಿಲ್ಲ" ಅಂದವನು ಎಲ್ಲರಿಗೂ ಟೀ ಕುಡಿಸಬೇಕು. ಮೇಲೆ "ಬಂದರಪ್ಪ ಪಂಡಿತರು" ಅಂತ ಕುಹಕ ಬೇರೆ. ಕ್ಯಾನಿನಲ್ಲಿರೋದನ್ನ ತೊಟ್ಟಿಗೆ ಹಾಕು ಅಂದಾಗ ಅವಳ ಗಂಡನೂ ಹ್ಞೂಂ ಅಂದಿದ್ದ. ಬ್ಲೀಚ್ ಇದ್ದ ತೊಟ್ಟಿಗೆ ಆಸಿಡ್ ಸುರಿದಿದ್ದ. ಎರಡೂ ಸೇರಿ ಹಳದಿ ವಿಷದ ಹೊಗೆ ಎದ್ದಿತ್ತು. ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಉಸಿರಿಗೆ ಒದ್ದಾಡಿ, ಆಸ್ಪತ್ರೆಯಲ್ಲಿ ಅವಳ ಕಣ್ಣೆದುರೇ ಹೋದ.

"ಕೇಳಿದ್ರೆ ನಗ್ತಾರಲ್ಲ, ಅದಕ್ಕೆ," ಅಂದಳು ಅಮ್ಮ.

"ಇವಳೂ ಅದಕ್ಕೇ ಕೇಳಲ್ಲ. 'ಗೊತ್ತಿಲ್ಲ' ಅನ್ನೋಕೆ ಹೆದರೋ ಮಗುವಿಗೆ ನಾನು ಏನಂತ ಕಲಿಸಲಿ?"



ಮರುದಿನ ಸೂಪರ್‌ವೈಸರ್ ಯಾವುದೋ ಹೊಸ ಕೆಮಿಕಲ್ಲಿನ ಕ್ಯಾನ್ ತಂದಿಟ್ಟ. "ಇದನ್ನ ತೊಟ್ಟಿಗೆ ಹಾಕಿ. ಗೊತ್ತಾಯ್ತಲ್ಲ?"

"ಹ್ಞೂಂ," ಅಂದರು ಎಲ್ಲರೂ.

"ನನಗೆ ಗೊತ್ತಾಗಲಿಲ್ಲ," ಅಂದಳು ಅವಳು. "ಇದನ್ನ ಯಾವುದರ ಜೊತೆ ಬೆರೆಸಬಾರದು?"

"ಇವತ್ತು ಟೀ ಅತ್ತಿಗೆ ಲೆಕ್ಕದಲ್ಲಿ!" ಗಂಡನ ಹಳೇ ಜೊತೆಗಾರನೊಬ್ಬ ಕೂಗಿದ. ಎಲ್ಲರೂ ನಕ್ಕರು.

"ಕುಡೀರಿ. ಬದುಕಿರೋರು ತಾನೇ ಟೀ ಕುಡಿಯೋದು."

ನಗು ಅಲ್ಲೇ ನಿಂತಿತು. ಸೂಪರ್‌ವೈಸರ್ ಕ್ಯಾನ್ ತಿರುಗಿಸಿ ನೋಡಿ ಕೆಳಗಿಟ್ಟ. "ನನಗೂ ಗೊತ್ತಿಲ್ಲಮ್ಮ. ಕೇಳ್ಕೊಂಡು ಬರ್ತೀನಿ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ."

ಸಂಜೆ ಅವಳು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಚಿನ್ನಕ್ಕೆ ಯಾಕೆ ತುಕ್ಕು ಹಿಡಿಯಲ್ಲ ಅಂತ ನನಗೆ ಗೊತ್ತಿಲ್ಲ ಮಗಾ. ನಾಳೆ ಕ್ಲಾಸಲ್ಲಿ ಕೇಳು. ಬಂದು ನನಗೂ ಹೇಳು."

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಇವತ್ತು ನಿಮ್ಮ ಮಗು "ಯಾಕೆ" ಅಂದರೆ ಬಾಯಿ ಮುಚ್ಚಿಸಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ತಿಳಿದವರನ್ನು ನೀವೂ ಮಗುವೂ ಸೇರಿ ಕೇಳಿ. ಅವರು ಹೇಳಿದ್ದು ಸರಿಯೇ ಎಂದೂ ನೋಡಿ. ಕೆಲಸದ ಜಾಗದಲ್ಲಿ ಯಾರಾದರೂ "ಅರ್ಥ ಆಗಲಿಲ್ಲ" ಅಂದರೆ ನಗಬೇಡಿ. ಅವರಿಗೆ ನೀವೇ ಒಂದು ಟೀ ಕುಡಿಸಿ.